ಚಿಕ್ಕ ವ್ಯಾಪಾರಕ್ಕೆ ಎಸ್‌ಇಒ ತಜ್ಞರು: ಫ್ರೀಲಾನ್ಸರೋ, ಏಜೆನ್ಸಿಯೋ, ಸಂಬಳದ ನೌಕರರೋ, ಅಥವಾ ಸದ್ಯಕ್ಕೆ ಯಾರೂ ಬೇಡವೋ?

ಸಕಲೇಶಪುರದ ಸಮೀಪ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುವ ನನ್ನ ಸೋದರಮಾವನ ಮುಂದೆ ಕಳೆದ ವರ್ಷ ಎಸ್‌ಇಒಗೆ, ಅಂದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ವ್ಯಾಪಾರ ಮೇಲೆ ಕಾಣುವಂತೆ ಮಾಡುವ ಕೆಲಸಕ್ಕೆ, ಮೂರು ದರಪಟ್ಟಿಗಳಿದ್ದವು. ಬೆಂಗಳೂರಿನ ಏಜೆನ್ಸಿಯೊಂದು ತಿಂಗಳಿಗೆ 15,000 ರೂಪಾಯಿಯಂತೆ ಒಂದು ವರ್ಷದ ಒಪ್ಪಂದ ಕೇಳಿತ್ತು. ಹಾಸನದ ಫ್ರೀಲಾನ್ಸರ್ ಒಬ್ಬರು ತಿಂಗಳಿಗೆ 6,000 ಎಂದಿದ್ದರು. ವೆಬ್‌ಸೈಟ್ ಮಾಡಿಕೊಟ್ಟಿದ್ದ ಹುಡುಗ ಒಂದೇ ಸಲಕ್ಕೆ 40,000 ಕೊಟ್ಟರೆ ಎಲ್ಲವನ್ನೂ ಸೆಟ್ ಮಾಡಿಬಿಡುತ್ತೇನೆ ಎಂದಿದ್ದ. ಮೂರಕ್ಕೂ ತಲೆಬರಹ ಒಂದೇ ಆಗಿದ್ದುದರಿಂದ ಮಾವ ಸಹಜವಾಗಿಯೇ ಅಂಕಿಗಳನ್ನು ಹೋಲಿಸಲು ಕುಳಿತರು. ಆದರೆ ಒಳಗಿನ ವಿವರ ಓದುತ್ತ ಹೋದಂತೆ ಆ ಮೂರು ಕಾಗದಗಳು ಮೂರು ಬೇರೆ ಬೇರೆ ಸರಕುಗಳ ಬೆಲೆಯನ್ನು ಹೇಳುತ್ತಿವೆ ಎಂಬುದು ಗೊತ್ತಾಯಿತು. ಏಜೆನ್ಸಿಯದರಲ್ಲಿ ತಿಂಗಳಿಗೆ ಎಂಟು ಲೇಖನ ಮತ್ತು ಇಪ್ಪತ್ತು ಬ್ಯಾಕ್‌ಲಿಂಕ್ (ಬೇರೆ ವೆಬ್‌ಸೈಟುಗಳಿಂದ ನಮ್ಮದಕ್ಕೆ ಹಾಕಿಸುವ ಲಿಂಕ್) ಇದ್ದವು. ಫ್ರೀಲಾನ್ಸರ್ ಗೂಗಲ್ ಮ್ಯಾಪಿನ ಪ್ರೊಫೈಲ್ ಸರಿಪಡಿಸಿ ವೆಬ್‌ಸೈಟಿನ ಆರು ಪುಟಗಳನ್ನು ಮತ್ತೆ ಬರೆದುಕೊಡುವ ಮಾತಾಡಿದ್ದರು. ಮೂರನೆಯದರ ಮುಖ್ಯ ಅಂಶ ‘ಮೆಟಾ ಕೀವರ್ಡ್ ಟ್ಯಾಗ್ ಸೇರಿಸುವುದು’ ಎಂದಿತ್ತು, ಅಂದರೆ ಜನ ಹುಡುಕಬಹುದಾದ ಪದಗಳ (ಕೀವರ್ಡ್) ಪಟ್ಟಿಯನ್ನು ಪುಟದ ಕೋಡಿನಲ್ಲಿ ಕಾಣದಂತೆ ಬರೆದಿಡುವುದು. ಆ ಟ್ಯಾಗನ್ನು ತಾನು ಪುಟಗಳ ಮೇಲುಕೆಳಗಿನ ಸ್ಥಾನ ನಿರ್ಧರಿಸುವ ರ‍್ಯಾಂಕಿಂಗಿಗೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಬಹಿರಂಗವಾಗಿ ಹೇಳಿದೆ.

ಈ ಬರಹ ಅಂಥ ದರಪಟ್ಟಿಗಳನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತವರಿಗಾಗಿ. ನಾನು ಎಸ್‌ಇಒ ವೃತ್ತಿಯವನಲ್ಲ. ಬಂಧುಗಳ ಮತ್ತು ಪರಿಚಿತರ ಅಂಗಡಿ, ಕ್ಲಿನಿಕ್, ಕಾರ್ಖಾನೆಗಳ ಪರವಾಗಿ ಇಂಥ ಒಪ್ಪಂದಗಳನ್ನು ಓದಿ, ಕೆಲವು ಬಾರಿ ಅವುಗಳ ಫಲವನ್ನು ಕಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುವುದಾದರೆ, ಯಾರನ್ನು ನೇಮಿಸಬೇಕು ಎಂಬುದು ಎರಡನೆಯ ಪ್ರಶ್ನೆ. ನಿಮ್ಮ ವ್ಯಾಪಾರಕ್ಕೆ ಬೇಕಾದ ಕೆಲಸ ಒಮ್ಮೆ ಮುಗಿದುಹೋಗುವಂಥದೋ ಅಥವಾ ತಿಂಗಳು ತಿಂಗಳು ಮಾಡಲೇಬೇಕಾದದ್ದೋ ಎಂಬುದು ಮೊದಲನೆಯದು, ಮತ್ತು ಬಹಳಷ್ಟು ಚಿಕ್ಕ ವ್ಯಾಪಾರಗಳು ಮೊದಲ ಬಗೆಯ ಕೆಲಸಕ್ಕೆ ಎರಡನೆಯ ಬಗೆಯ ಹಣ ಕೊಡುತ್ತಿವೆ.

ಕೆಲಸವನ್ನು ಬಿಡಿಸಿ ನೋಡುವುದು

ಎಸ್‌ಇಒ ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕು ಬಗೆಯ ಕೆಲಸಗಳು ಸೇರಿಕೊಂಡಿರುತ್ತವೆ. ಮೊದಲನೆಯದು ತಾಂತ್ರಿಕ ಕೆಲಸ: ಗೂಗಲ್ ನಿಮ್ಮ ಪುಟಗಳನ್ನು ಓದಲು ಸಾಧ್ಯವಾಗುತ್ತಿದೆಯೇ, ಅವು ಮೊಬೈಲಿನಲ್ಲಿ ಬೇಗ ತೆರೆಯುತ್ತವೆಯೇ, ಒಂದೇ ಪುಟ ಎರಡು ವಿಳಾಸಗಳಲ್ಲಿ ಸಿಗುತ್ತಿದೆಯೇ ಎಂಬಂಥ ಪರೀಕ್ಷೆಗಳು. ಗೂಗಲ್ ಈಗ ವೆಬ್‌ಸೈಟುಗಳ ಮೊಬೈಲ್ ರೂಪವನ್ನೇ ಮುಖ್ಯವೆಂದು ಓದಿಕೊಳ್ಳುತ್ತದೆ. 2016ರಲ್ಲಿ ಘೋಷಿಸಿದ ಈ ಬದಲಾವಣೆ 2023ರಲ್ಲಿ ಪೂರ್ಣಗೊಂಡಿತು. ಹಾಗಾಗಿ ಕಂಪ್ಯೂಟರಿನಲ್ಲಿ ಮಾತ್ರ ಚೆಂದ ಕಾಣುವ ವೆಬ್‌ಸೈಟಿನಿಂದ ಉಪಯೋಗ ಕಡಿಮೆ. ಹತ್ತಿಪ್ಪತ್ತು ಪುಟಗಳ ವೆಬ್‌ಸೈಟಿಗೆ ಈ ತಾಂತ್ರಿಕ ಕೆಲಸ ಒಂದೆರಡು ವಾರಗಳದ್ದು, ಮತ್ತು ಅದು ಮುಗಿಯುತ್ತದೆ. ಎರಡನೆಯದು ಪುಟಗಳ ಬರವಣಿಗೆ. ಮೂರನೆಯದು ಮ್ಯಾಪಿನಲ್ಲಿ ಕಾಣುವ ಪ್ರೊಫೈಲ್, ರಿವ್ಯೂ ಮತ್ತು ಫೋಟೋಗಳ ನಿರ್ವಹಣೆ. ನಾಲ್ಕನೆಯದು ಬೇರೆ ವೆಬ್‌ಸೈಟುಗಳು ನಿಮ್ಮನ್ನು ಉಲ್ಲೇಖಿಸುವಂತೆ ಮಾಡುವುದು, ಅಂದರೆ ಲಿಂಕುಗಳ ಕೆಲಸ. ಹಣ ವ್ಯರ್ಥವಾಗುವುದೂ ಅಪಾಯ ಹುಟ್ಟುವುದೂ ಹೆಚ್ಚಾಗಿ ಇಲ್ಲಿಯೇ.

ಬಂದ ಪ್ರತಿಯೊಂದು ದರಪಟ್ಟಿಯನ್ನೂ ಈ ನಾಲ್ಕು ಭಾಗಗಳಾಗಿ ವಿಂಗಡಿಸಿಕೊಡಿ ಎಂದು ಕೇಳುವುದು ಹೋಲಿಕೆಯ ಮೊದಲ ಹೆಜ್ಜೆ. ಹಾಗೆ ವಿಂಗಡಿಸಲು ಒಪ್ಪದವರನ್ನು ಅಲ್ಲಿಯೇ ಬಿಟ್ಟುಬಿಡಬಹುದು, ಏಕೆಂದರೆ ಏನು ಮಾಡುತ್ತೇವೆಂದು ಹೇಳಲಾಗದವರು ಏನು ಮಾಡಿದೆವೆಂದೂ ಹೇಳಲಾರರು.

ಯಾರನ್ನೂ ನೇಮಿಸದಿರುವ ಆಯ್ಕೆ

ದಾವಣಗೆರೆಯ ದಂತ ಕ್ಲಿನಿಕ್, ಶಿರಸಿಯ ಬೇಕರಿ, ಹುಬ್ಬಳ್ಳಿಯ ಟೂವೀಲರ್ ಗ್ಯಾರೇಜ್ ಇಂಥವಕ್ಕೆ ಗಿರಾಕಿ ಬರುವುದು ಕೆಲವೇ ಕಿಲೋಮೀಟರ್ ಸುತ್ತಳತೆಯಿಂದ. ಅವರು ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವುದು ವೆಬ್‌ಸೈಟ್ ಅಲ್ಲ, ಮ್ಯಾಪಿನ ಜೊತೆ ಬರುವ ಮೂರು ಹೆಸರುಗಳು. ಆ ಸ್ಥಾನವನ್ನು ನಿರ್ಧರಿಸುವ ಮೂರು ಅಂಶಗಳನ್ನು ಗೂಗಲ್ ತಾನೇ ಬರೆದಿಟ್ಟಿದೆ: ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಇರುವ ಹೊಂದಿಕೆ, ಹುಡುಕುವವರಿಂದ ನಿಮಗಿರುವ ದೂರ, ಮತ್ತು ನಿಮ್ಮ ವ್ಯಾಪಾರ ಎಷ್ಟು ಹೆಸರಾಗಿದೆ ಎಂಬುದು. ಹಣ ಕೊಟ್ಟು ಈ ಸ್ಥಾನವನ್ನು ಮೇಲೆತ್ತಿಸಿಕೊಳ್ಳುವ ದಾರಿ ಇಲ್ಲವೆಂದೂ ಅದು ಹೇಳಿದೆ. ದೂರವನ್ನು ಯಾವ ತಜ್ಞರೂ ಬದಲಿಸಲಾರರು. ಉಳಿದೆರಡರಲ್ಲಿ ದೊಡ್ಡ ಪಾಲು ಅಂಗಡಿಯ ಯಜಮಾನರ ಕೈಯಲ್ಲಿಯೇ ಇದೆ.

ಮ್ಯಾಪಿನಲ್ಲಿ ಕಾಣುವ ಆ ಪ್ರೊಫೈಲ್, ಅಂದರೆ ಗೂಗಲ್ ಬ್ಯುಸಿನೆಸ್ ಪ್ರೊಫೈಲ್, ಉಚಿತ. 2021ರವರೆಗೆ ಇದನ್ನೇ ಗೂಗಲ್ ಮೈ ಬ್ಯುಸಿನೆಸ್ ಎನ್ನುತ್ತಿದ್ದರು. ಆ ಹಳೆಯ ಹೆಸರಿನಲ್ಲಿ ಪ್ಯಾಕೇಜ್ ಮಾರುವವರು ಇನ್ನೂ ಇದ್ದಾರೆ. ಸರಿಯಾದ ವರ್ಗ ಆರಿಸುವುದು, ಹಬ್ಬದ ರಜೆಗಳಲ್ಲಿ ಸಮಯ ಬದಲಿಸುವುದು, ತಿಂಗಳಿಗೊಮ್ಮೆ ನಿಜವಾದ ಫೋಟೋ ಹಾಕುವುದು, ರಿವ್ಯೂ ಬರೆದವರಿಗೆ ಎರಡು ಸಾಲು ಉತ್ತರ ಕೊಡುವುದು, ಜಸ್ಟ್‌ಡಯಲ್ ಮೊದಲಾದ ಪಟ್ಟಿಗಳಲ್ಲಿಯೂ ಅದೇ ಹೆಸರು, ಅದೇ ವಿಳಾಸ, ಅದೇ ಫೋನ್ ನಂಬರ್ ಇರುವಂತೆ ನೋಡಿಕೊಳ್ಳುವುದು, ಇವೆಲ್ಲ ವಾರಕ್ಕೆ ಒಂದು ಗಂಟೆಯ ಕೆಲಸ. ಹೊರಗಿನವರಿಗೆ ಇದನ್ನು ವಹಿಸಿದಾಗ ಅವರು ಮೊದಲು ನಿಮ್ಮಿಂದಲೇ ಫೋಟೋ ಕೇಳುತ್ತಾರೆ, ಸಮಯ ಕೇಳುತ್ತಾರೆ, ಆ ರೋಗಿ ಯಾಕೆ ಒಂದು ಸ್ಟಾರ್ ಕೊಟ್ಟರು ಎಂದು ಕೇಳುತ್ತಾರೆ. ವಾಟ್ಸಾಪಿನಲ್ಲಿ ಅವರಿಗೆ ಬರೆದು ಕಳಿಸುವ ಹೊತ್ತಿಗೆ ಕೆಲಸವೇ ಮುಗಿದಿರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ವ್ಯಾಪಾರದ ಹೆಸರಿನ ಜಾಗದಲ್ಲಿ ‘ಬೆಸ್ಟ್ ಡೆಂಟಲ್ ಕ್ಲಿನಿಕ್ ಇನ್ ದಾವಣಗೆರೆ’ ಎಂಬಂಥ ಬಾಲ ಸೇರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಮತ್ತು ಪ್ರೊಫೈಲ್ ಅಮಾನತಾಗಲು ಅದು ಸಾಕು. ದುಡ್ಡು ಅಥವಾ ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದೂ ಹಾಗೆಯೇ ನಿಷಿದ್ಧ. ವೈದ್ಯರಿಗಂತೂ ಇನ್ನೊಂದು ಬೇಲಿ ಇದೆ: 2002ರ ವೈದ್ಯಕೀಯ ವೃತ್ತಿನೀತಿ ನಿಯಮಗಳು ರೋಗಿಗಳನ್ನು ಸೆಳೆಯುವ ಜಾಹೀರಾತನ್ನು ತಡೆಯುತ್ತವೆ. ‘ನಗರದ ನಂಬರ್ ಒನ್ ತಜ್ಞರು’ ಎಂದು ಪುಟ ಬರೆದುಕೊಡುವ ಎಸ್‌ಇಒ ಹುಡುಗನಿಗೆ ಆ ನಿಯಮ ಗೊತ್ತಿರುವುದಿಲ್ಲ. ನೋಟಿಸ್ ಬಂದರೆ ಉತ್ತರಿಸಬೇಕಾದವರು ವೈದ್ಯರು.

ಒಂದೇ ಸಲದ ಆಡಿಟ್

ಚಿಕ್ಕ ವ್ಯಾಪಾರಗಳು ತೀರ ಕಡಿಮೆ ಬಳಸುವ, ನನ್ನ ದೃಷ್ಟಿಯಲ್ಲಿ ಅವಕ್ಕೆ ಹೆಚ್ಚು ಒಪ್ಪುವ ಆಯ್ಕೆ ಇದು. ಅನುಭವಿಯೊಬ್ಬರಿಗೆ ನಿಗದಿತ ಮೊತ್ತ ಕೊಟ್ಟು ವೆಬ್‌ಸೈಟನ್ನೂ ಪ್ರೊಫೈಲನ್ನೂ ಪರೀಕ್ಷಿಸಿಸಿ, ಏನೇನು ಸರಿಪಡಿಸಬೇಕು, ಯಾವ ಕ್ರಮದಲ್ಲಿ, ಯಾರಿಂದ ಎಂಬುದನ್ನು ಬರೆಸಿಕೊಳ್ಳುವುದು. ಅದರಲ್ಲಿ ಅರ್ಧವನ್ನು ನೀವೇ ಮಾಡಬಹುದು, ಉಳಿದರ್ಧವನ್ನು ವೆಬ್‌ಸೈಟ್ ಮಾಡಿಕೊಟ್ಟವರಿಂದ ಮಾಡಿಸಬಹುದು.

ಆಡಿಟ್ ಎಂದರೆ ಸಾಫ್ಟ್‌ವೇರ್ ಉಗುಳಿದ ಎಂಬತ್ತು ಪುಟಗಳ ಪಿಡಿಎಫ್ ಎಂದು ತಿಳಿದವರೂ ಇದ್ದಾರೆ. ಅದರಲ್ಲಿ ‘ಇನ್ನೂರು ದೋಷಗಳು’ ಎಂದು ಕೆಂಪಕ್ಷರದಲ್ಲಿರುತ್ತದೆ, ಅವುಗಳಲ್ಲಿ ನೂರತೊಂಬತ್ತು ಫೋಟೋಗಳಿಗೆ ವಿವರಣೆ ಬರೆದಿಲ್ಲ ಎಂಬುದೇ ಆಗಿರುತ್ತದೆ. ಒಳ್ಳೆಯ ಆಡಿಟ್ ನಿಮ್ಮ ವ್ಯಾಪಾರದ ಬಗ್ಗೆ ಪ್ರಶ್ನೆ ಕೇಳಿದವರಿಂದ ಮಾತ್ರ ಬರುತ್ತದೆ, ಮತ್ತು ಅದು ಸರ್ಚ್ ಕನ್ಸೋಲಿನ ಅಂಕಿಗಳಿಂದ ಶುರುವಾಗುತ್ತದೆ. ಸರ್ಚ್ ಕನ್ಸೋಲ್ ಗೂಗಲ್ ಉಚಿತವಾಗಿ ಕೊಡುವ ಸಾಧನ; ಜನ ಏನೇನು ಬರೆದು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದನ್ನು ಹಿಂದಿನ 16 ತಿಂಗಳವರೆಗೆ ತೋರಿಸುತ್ತದೆ. ಅದನ್ನು ಜೋಡಿಸದೆ ಇದ್ದರೆ ಯಾರನ್ನೂ ಮಾತಾಡಿಸುವ ಮುಂಚೆ ಜೋಡಿಸಿ ಮೂರು ತಿಂಗಳು ಬಿಡಿ. ಆ ಮೂರು ತಿಂಗಳ ಪಟ್ಟಿ ನಿಮ್ಮ ಕೈಯಲ್ಲಿದ್ದರೆ ದರಪಟ್ಟಿ ತಂದವರ ಮಾತಿನ ಧಾಟಿಯೇ ಬದಲಾಗುತ್ತದೆ. ಅವರಿಗೆ ಆರಂಭದಲ್ಲಿ ನೋಡುವಷ್ಟೇ ಅನುಮತಿ ಕೊಡಿ ಎಂದು ಗೂಗಲ್ ಸಹ ಸಲಹೆ ಮಾಡುತ್ತದೆ. ನೋಡಲು ಬಿಟ್ಟರೆ ಸಾಲದು, ಪಾಸ್‌ವರ್ಡೇ ಬೇಕು ಎನ್ನುವವರ ಆತುರ ಒಳ್ಳೆಯ ಲಕ್ಷಣವಲ್ಲ.

ಫ್ರೀಲಾನ್ಸರ್ ಮತ್ತು ಏಜೆನ್ಸಿ

ನಿರಂತರವಾಗಿ ಮಾಡಬೇಕಾದ ಕೆಲಸ ನಿಜವಾಗಿಯೂ ಇದೆ ಎಂದಾದ ಮೇಲೆ ಈ ಎರಡರ ನಡುವಿನ ಹೋಲಿಕೆಗೆ ಅರ್ಥ ಬರುತ್ತದೆ. ಫ್ರೀಲಾನ್ಸರನ್ನು ನೇಮಿಸಿದರೆ ಮಾತಾಡಿದವರೇ ಕೆಲಸ ಮಾಡುತ್ತಾರೆ. ಇದು ಸಣ್ಣ ಅನುಕೂಲವಲ್ಲ. ಏಜೆನ್ಸಿಯಲ್ಲಿ ನಿಮ್ಮನ್ನು ಒಪ್ಪಿಸಿದವರು ಮಾರಾಟ ವಿಭಾಗದ ಅನುಭವಿಗಳಾಗಿದ್ದು, ಒಪ್ಪಂದಕ್ಕೆ ಸಹಿ ಬಿದ್ದ ಮರುದಿನ ನಿಮ್ಮ ಖಾತೆ ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವರ ಮೇಜಿಗೆ ಹೋಗಬಹುದು. ಅವರ ಕೈಯಲ್ಲಿ ಅಂಥ ಎಷ್ಟು ಖಾತೆಗಳಿವೆ ಎಂದು ಕೇಳಿ. ತಿಂಗಳಿಗೆ 15,000 ಕೊಡುವ ಗಿರಾಕಿ ದೊಡ್ಡ ಏಜೆನ್ಸಿಯ ಪಟ್ಟಿಯಲ್ಲಿ ಕೊನೆಯ ಸಾಲಿನಲ್ಲಿರುತ್ತಾರೆ, ಮತ್ತು ಕೊನೆಯ ಸಾಲಿನವರಿಗೆ ಸಿಗುವುದು ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಲಿದಿಟ್ಟ ಅಂಗಿ.

ಏಜೆನ್ಸಿಯ ಬಲವೂ ನಿಜವಾದದ್ದೇ. ತಾಂತ್ರಿಕ ಕೆಲಸ ಗೊತ್ತಿರುವವರು, ಬರೆಯುವವರು, ವಿನ್ಯಾಸ ಮಾಡುವವರು ಒಂದೇ ಕಡೆ ಸಿಗುತ್ತಾರೆ. ಒಬ್ಬರು ರಜೆ ಹೋದರೆ ಕೆಲಸ ನಿಲ್ಲುವುದಿಲ್ಲ. ದುಬಾರಿ ಸಾಧನಗಳ ಚಂದಾ ಅವರೇ ಕಟ್ಟಿರುತ್ತಾರೆ. ಫ್ರೀಲಾನ್ಸರಿಗೆ ಜ್ವರ ಬಂದರೆ ನಿಮ್ಮ ಕೆಲಸಕ್ಕೂ ಜ್ವರ. ಒಬ್ಬರೇ ವ್ಯಕ್ತಿ ಕೋಡನ್ನೂ ಕನ್ನಡವನ್ನೂ ಇಂಗ್ಲಿಷನ್ನೂ ಸಮನಾಗಿ ಬಲ್ಲವರಾಗಿರುವುದು ಅಪರೂಪ, ಹಾಗಾಗಿ ಯಾವುದು ಬಾರದು ಎಂದು ನೇರವಾಗಿ ಕೇಳಬೇಕು. ಬರವಣಿಗೆ ನನ್ನ ಕೈಲಾಗದು, ಅದಕ್ಕೆ ಬೇರೆಯವರನ್ನು ಹಿಡಿಯಿರಿ ಎಂದು ಹೇಳಿದ ಫ್ರೀಲಾನ್ಸರನ್ನು ನಾನು ಇನ್ನಷ್ಟು ನಂಬುತ್ತೇನೆ.

ನೂರಾರು ಉತ್ಪನ್ನಗಳನ್ನು ದೇಶದೆಲ್ಲೆಡೆ ಮಾರುವವರಿಗೆ ಈ ತುಲನೆ ಬೇರೆಯಾಗುತ್ತದೆ. ಚನ್ನಪಟ್ಟಣದ ಆಟಿಕೆ ತಯಾರಕರೊಬ್ಬರು ತಮ್ಮದೇ ವೆಬ್‌ಸೈಟಿನಿಂದ ಮಾರುತ್ತಾರೆಂದುಕೊಳ್ಳಿ. ಅವರ ಗಿರಾಕಿ ಪುಣೆಯಲ್ಲಿರುತ್ತಾರೆ, ದೆಹಲಿಯಲ್ಲಿರುತ್ತಾರೆ, ಕೆಲವೊಮ್ಮೆ ವಿದೇಶದಲ್ಲಿರುತ್ತಾರೆ. ಪ್ರತಿ ಆಟಿಕೆಗೂ ಪುಟ, ಪ್ರತಿ ಪುಟಕ್ಕೂ ಅಳತೆ, ಮರದ ಜಾತಿ, ಬಣ್ಣ ಯಾವುದರಿಂದ ತಯಾರಾಯಿತು, ಎಷ್ಟು ವಯಸ್ಸಿನ ಮಗುವಿಗೆ ಎಂಬ ವಿವರ, ಸ್ಟಾಕ್ ಮುಗಿದ ಪುಟಗಳನ್ನು ಏನು ಮಾಡಬೇಕೆಂಬ ನಿರ್ಧಾರ, ಇವೆಲ್ಲ ಸದಾ ನಡೆಯುವ ಕೆಲಸಗಳು. ಆಲೆ ಮರ, ಅರಗಿನ ಬಣ್ಣ, ಭೌಗೋಳಿಕ ಗುರುತು ಇವುಗಳ ಬಗ್ಗೆ ತಯಾರಕರಿಗೆ ಗೊತ್ತಿರುವಷ್ಟು ಯಾವ ಏಜೆನ್ಸಿಗೂ ಗೊತ್ತಿರುವುದಿಲ್ಲ, ಆದರೆ ಅದನ್ನು ಪುಟಗಳಲ್ಲಿ ಜೋಡಿಸುವ ವ್ಯವಸ್ಥೆ ಏಜೆನ್ಸಿಗೆ ಗೊತ್ತಿರುತ್ತದೆ. ಇಂಥಲ್ಲಿ ಆನ್‌ಲೈನ್ ಅಂಗಡಿಗಳ ಕೆಲಸವನ್ನೇ ಮಾಡಿರುವ ಚಿಕ್ಕ ಏಜೆನ್ಸಿಗೆ ತಿಂಗಳ ಹಣ ಕೊಡುವುದು ಸಮರ್ಥನೀಯ.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯ ಸಂಗತಿ ಇದಕ್ಕೆ ತದ್ವಿರುದ್ಧ. ಅವರ ಉತ್ಪನ್ನವನ್ನು ಹುಡುಕುವವರೇ ಬೆರಳೆಣಿಕೆಯಷ್ಟು. ಆದರೆ ಒಂದು ವಿಚಾರಣೆ ಆರ್ಡರ್ ಆದರೆ ವರ್ಷದ ಖರ್ಚು ಬಂದುಬಿಡುತ್ತದೆ. ಅಲ್ಲಿ ತಿಂಗಳಿಗೆ ಎಂಟು ಲೇಖನ ಬರೆಯುವುದು ಹಾಸ್ಯಾಸ್ಪದ. ಯಾವ ಲೋಹ, ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ), ಯಾವ ಯಂತ್ರದಲ್ಲಿ ಮಾಡುತ್ತೇವೆ ಎಂಬುದನ್ನು ಎಂಜಿನಿಯರ್ ಜೊತೆ ಕುಳಿತು ಹದಿನೈದು ಪುಟಗಳಲ್ಲಿ ಸರಿಯಾಗಿ ಬರೆಯಬಲ್ಲ ಒಬ್ಬ ಫ್ರೀಲಾನ್ಸರ್ ಸಾಕು, ಮತ್ತು ಆ ಖರ್ಚನ್ನು ಕಾರ್ಖಾನೆಗಳಿಗೂ ಕೊಳ್ಳುವವರಿಗೂ ಸಂಪರ್ಕ ಕಲ್ಪಿಸುವ ಇಂಡಿಯಾಮಾರ್ಟ್ ತಾಣಕ್ಕೆ ಕಟ್ಟುವ ಚಂದಾದ ಜೊತೆ ಹೋಲಿಸಿ ನೋಡಬೇಕೇ ಹೊರತು ಇನ್ನೊಂದು ಎಸ್‌ಇಒ ದರಪಟ್ಟಿಯ ಜೊತೆಯಲ್ಲ.

ಸಂಬಳದ ನೌಕರರ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೆಬ್‌ಸೈಟಿನಿಂದಲೇ ಮುಖ್ಯ ಆದಾಯ ಬರುವ ಮತ್ತು ಪೂರ್ಣಾವಧಿ ಕೆಲಸ ತುಂಬುವಷ್ಟು ಪುಟಗಳಿರುವ ವ್ಯಾಪಾರಕ್ಕೆ ಮಾತ್ರ ಅದು ಹೊಂದುತ್ತದೆ. ಹೊಸಬರನ್ನು ಕಡಿಮೆ ಸಂಬಳಕ್ಕೆ ಸೇರಿಸಿಕೊಂಡು ಎಸ್‌ಇಒ, ಇನ್‌ಸ್ಟಾಗ್ರಾಮ್, ಬಿಲ್ಲಿಂಗ್, ಕೊರಿಯರ್ ಎಲ್ಲವನ್ನೂ ಒಪ್ಪಿಸಿದರೆ ಅವರು ಬಿಲ್ಲಿಂಗ್ ಚೆನ್ನಾಗಿ ಕಲಿಯುತ್ತಾರೆ.

ಭರವಸೆಗಳನ್ನು ತೂಗುವುದು

ಮೊದಲ ಸ್ಥಾನದ ಗ್ಯಾರಂಟಿ ಕೊಡುವವರನ್ನು ಬದಿಗಿಡುವುದು ಸುಲಭ, ಏಕೆಂದರೆ ಅದನ್ನು ಯಾರೂ ಕೊಡಲಾರರು ಎಂದು ಗೂಗಲ್ ಸ್ಪಷ್ಟವಾಗಿ ಬರೆದಿದೆ. ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂದೂ ಅದು ಹೇಳುತ್ತದೆ, ಹಾಗಾಗಿ ಮೂವತ್ತು ದಿನಗಳ ಮಾತನ್ನೂ ಬಿಡಬಹುದು. ಕರೆಯದೆ ಬರುವ ಮೇಲ್‌ಗಳ ಬಗ್ಗೆ ಗೂಗಲ್ ತನ್ನ ಅನುಭವವನ್ನೇ ಹೇಳಿಕೊಂಡಿರುವುದು ತಮಾಷೆಯಾಗಿದೆ: ‘ನಿಮ್ಮ ವೆಬ್‌ಸೈಟ್ ಸರ್ಚ್ ಎಂಜಿನ್‌ಗಳ ಪಟ್ಟಿಯಲ್ಲಿಲ್ಲ’ ಎಂದು ಎಚ್ಚರಿಸುವ ಪತ್ರ ಗೂಗಲ್ ಡಾಟ್ ಕಾಮ್ ಹೆಸರಿಗೂ ಬಂದಿತ್ತಂತೆ. ಕೆಲವರು ಗೂಗಲ್ ಪಾರ್ಟ್ನರ್ ಬಿಲ್ಲೆಯನ್ನು ತೋರಿಸುತ್ತಾರೆ. ಅದು ಗೂಗಲ್ ಆ್ಯಡ್ಸ್ ಎಂಬ ಹಣ ಕೊಟ್ಟು ಹಾಕುವ ಜಾಹೀರಾತಿಗೆ ಸಂಬಂಧಪಟ್ಟದ್ದು, ಎಸ್‌ಇಒ ಸಾಮರ್ಥ್ಯದ ಪ್ರಮಾಣಪತ್ರವಲ್ಲ.

ಗುರುತಿಸಲು ಕಷ್ಟವಾಗುವಂಥವು, ಸುಳ್ಳಲ್ಲದಿದ್ದರೂ ಪ್ರಯೋಜನವಿಲ್ಲದ ಸಾಧನೆಗಳು. ನಿಮ್ಮ ಅಂಗಡಿಯ ಹೆಸರನ್ನೇ ಬರೆದು ಹುಡುಕಿದಾಗ ನೀವು ಮೊದಲು ಬರುವುದು ಸಾಧನೆಯಲ್ಲ. ಹೆಸರು ಗೊತ್ತಿದ್ದವರು ಹೇಗೂ ನಿಮ್ಮ ಬಳಿಗೆ ಬರುತ್ತಿದ್ದರು. ಯಾರೂ ಹುಡುಕದ ಏಳು ಪದಗಳ ಸಾಲಿನಲ್ಲಿ ಮೊದಲ ಸ್ಥಾನ ಪಡೆಯುವುದೂ ಹಾಗೆಯೇ. ಆದ್ದರಿಂದ ತಿಂಗಳ ರಿಪೋರ್ಟಿನಲ್ಲಿ ಹೆಸರು ಸೇರಿದ ಹುಡುಕಾಟಗಳನ್ನೂ ಹೆಸರಿಲ್ಲದವನ್ನೂ ಬೇರೆ ಬೇರೆ ತೋರಿಸಬೇಕೆಂದು, ಮತ್ತು ಕಾಣಿಸಿದ ಸಂಖ್ಯೆಯ ಜೊತೆ ಕ್ಲಿಕ್, ಫೋನ್ ಕರೆ, ಬುಕಿಂಗ್ ಸಂಖ್ಯೆಗಳೂ ಇರಬೇಕೆಂದು ಮೊದಲೇ ಷರತ್ತು ಹಾಕಬೇಕು. ಇನ್ನೊಂದು ಮೋಸ ನಾವೇ ಮಾಡಿಕೊಳ್ಳುವಂಥದು: ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಮ್ಮದೇ ಫೋನಿನಲ್ಲಿ ಹುಡುಕಿದರೆ ಅತ್ಯಂತ ಹತ್ತಿರದ ಅಂಗಡಿ ನಮ್ಮದೇ ಆಗಿರುವುದರಿಂದ ನಾವೇ ಮೇಲೆ ಕಾಣುತ್ತೇವೆ. ಊರಿನ ಇನ್ನೊಂದು ಮೂಲೆಯಲ್ಲಿರುವ ನೆಂಟರಿಗೆ ಹೇಳಿ ಹುಡುಕಿಸಿ.

ಲಿಂಕುಗಳ ವಿಷಯಕ್ಕೆ ಬಂದರೆ ‘ತಿಂಗಳಿಗೆ ಇಪ್ಪತ್ತು’ ಎಂದು ಎಣಿಸಿ ಮಾರುವುದೇ ಅನುಮಾನಕ್ಕೆ ಕಾರಣ. ರ‍್ಯಾಂಕಿಂಗಿಗಾಗಿ ಲಿಂಕ್ ಕೊಳ್ಳುವುದನ್ನು ಗೂಗಲ್ ನಿಷೇಧಿಸಿದೆ, ಮತ್ತು ತನ್ನ ಹುಡುಕಾಟದ ವ್ಯವಸ್ಥೆಯಲ್ಲಿ 2012ರಲ್ಲಿ ಅದು ತಂದ ಪೆಂಗ್ವಿನ್ ಎಂಬ ಬದಲಾವಣೆಯ ನಂತರ ಅಂಥ ಲಿಂಕುಗಳನ್ನು ಪತ್ತೆಹಚ್ಚುವುದು ಹೆಚ್ಚುತ್ತ ಬಂದಿದೆ. ಅಮೆರಿಕದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಸರಣಿ ಜೆ.ಸಿ. ಪೆನ್ನಿಯ ಪ್ರಸಂಗ ಇಲ್ಲಿ ನೆನಪಿಡುವಂಥದು. ಅದರ ವೆಬ್‌ಸೈಟಿಗೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಲಿಂಕ್ ಹಾಕಿಸಿರುವುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು, ಗೂಗಲ್ ಕ್ರಮ ಕೈಗೊಂಡಿತು, ಮೊದಲ ಸ್ಥಾನದಲ್ಲಿದ್ದ ಪುಟಗಳು ಕೆಲವೇ ದಿನಗಳಲ್ಲಿ ಪಾತಾಳಕ್ಕಿಳಿದವು. ತನಗೆ ಇದು ಗೊತ್ತಿರಲಿಲ್ಲವೆಂದು ಹೇಳಿದ ಕಂಪನಿ ತನ್ನ ಎಸ್‌ಇಒ ಸಂಸ್ಥೆಯನ್ನು ಕೈಬಿಟ್ಟಿತು. ಮಾಡಿದ್ದು ಯಾರಾದರೂ ಆಗಿರಲಿ, ಶಿಕ್ಷೆ ಬೀಳುವುದು ವೆಬ್‌ಸೈಟಿನ ಮೇಲೆ. ಸ್ಥಳೀಯ ಪತ್ರಿಕೆಯ ವರದಿ, ನೀವು ಸರಕು ಕೊಡುವ ಅಂಗಡಿಯ ಪುಟ, ವ್ಯಾಪಾರಿ ಸಂಘದ ಸದಸ್ಯರ ಪಟ್ಟಿ ಇಂಥ ಕಡೆಗಳಿಂದ ವರ್ಷಕ್ಕೆ ಐದಾರು ಲಿಂಕ್ ಬಂದರೆ ಚಿಕ್ಕ ವ್ಯಾಪಾರಕ್ಕೆ ಬೇಕಾದಷ್ಟಾಯಿತು.

ಲೇಖನಗಳ ಎಣಿಕೆಯ ಮಾರಾಟವೂ ಈಗ ಹಾಗೆಯೇ ಆಗಿದೆ. ಓದುಗರಿಗೆ ಉಪಯೋಗವಿಲ್ಲದೆ, ರ‍್ಯಾಂಕಿಂಗಿಗಾಗಿ ಮಾತ್ರ ರಾಶಿ ರಾಶಿ ಪುಟಗಳನ್ನು ಹುಟ್ಟಿಸುವುದನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಸೇರಿಸಿತು. ಮನುಷ್ಯರು ಬರೆದರೂ ಯಂತ್ರ ಬರೆದರೂ ನಿಯಮ ಒಂದೇ. ‘ಎಐ ಉತ್ತರಗಳಲ್ಲಿ ನಿಮ್ಮನ್ನು ತೋರಿಸುತ್ತೇವೆ’ ಎಂಬ ಹೊಸ ಪ್ಯಾಕೇಜುಗಳೂ ಬರುತ್ತಿವೆ. ಗೂಗಲ್‌ನ ಎಐ ಉತ್ತರಗಳಲ್ಲಿ ಕಾಣಲು ಪ್ರತ್ಯೇಕ ತಾಂತ್ರಿಕ ಏರ್ಪಾಡೇನೂ ಬೇಕಿಲ್ಲವೆಂದು ಅದೇ ಹೇಳಿರುವಾಗ, ಆ ಹೆಸರಿನಲ್ಲಿ ಹೆಚ್ಚುವರಿ ಹಣ ಕೇಳಿದರೆ ಹೆಚ್ಚುವರಿಯಾಗಿ ಏನು ಮಾಡುತ್ತಾರೆಂದು ಬರೆದುಕೊಡಲು ಹೇಳಿ.

ಕನ್ನಡ ಗೊತ್ತಿರಬೇಕೇ?

ಗಿರಾಕಿಗಳು ಕರ್ನಾಟಕದವರಾಗಿದ್ದರೆ ಗೊತ್ತಿರಬೇಕು ಎಂಬುದು ನನ್ನ ಖಚಿತ ನಿಲುವು, ಮತ್ತು ಇದು ಭಾಷಾಭಿಮಾನದ ಮಾತಲ್ಲ. ನಮ್ಮ ಜನ ಮೂರು ರೀತಿ ಹುಡುಕುತ್ತಾರೆ: ಇಂಗ್ಲಿಷಿನಲ್ಲಿ, ಕನ್ನಡ ಲಿಪಿಯಲ್ಲಿ, ಮತ್ತು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ. ‘ಹತ್ತಿರದ ಗೊಬ್ಬರದಂಗಡಿ’ ಎಂದು ಫೋನಿಗೆ ಬಾಯಲ್ಲಿ ಹೇಳಿ ಹುಡುಕುವ ರೈತರೂ ಇದ್ದಾರೆ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದರೂ ಬೆಲ್ಗಾಮ್, ಮೈಸೋರ್, ಶಿಮೋಗಾ ಎಂಬ ಹಳೆಯ ಕಾಗುಣಿತದಲ್ಲಿ ಹುಡುಕುವವರು ಇನ್ನೂ ಇದ್ದಾರೆ. ಒಂದೇ ಪದಾರ್ಥಕ್ಕೆ ಉತ್ತರ ಕರ್ನಾಟಕದಲ್ಲಿ ಒಂದು ಹೆಸರು, ಹಳೆ ಮೈಸೂರು ಭಾಗದಲ್ಲಿ ಇನ್ನೊಂದು. ಇದಾವುದೂ ಸಾಫ್ಟ್‌ವೇರ್ ಕೊಡುವ ಕೀವರ್ಡ್ ಪಟ್ಟಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ಸಂದರ್ಶನದಲ್ಲಿ ನಾನು ಕೇಳಿಸುವ ಒಂದು ಪ್ರಶ್ನೆ ಇಷ್ಟೇ: ನಮ್ಮ ಸರಕನ್ನು ಗದಗಿನ ಗಿರಾಕಿ ಹೇಗೆ ಹುಡುಕಬಹುದು, ಮಂಗಳೂರಿನವರು ಹೇಗೆ ಹುಡುಕಬಹುದು? ಉತ್ತರ ತಪ್ಪಾದರೂ ಚಿಂತೆಯಿಲ್ಲ, ಪ್ರಶ್ನೆಯೇ ಅರ್ಥವಾಗದಿದ್ದರೆ ಚಿಂತೆ.

ಹಳೆಯ ಕನ್ನಡ ವೆಬ್‌ಸೈಟುಗಳಿಗೆ ವಿಶೇಷವಾದ ಒಂದು ತಾಂತ್ರಿಕ ದೋಷವೂ ಉಂಟು. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆಗಿರುವ ಅಕ್ಷರಸಂಕೇತ) ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪುಟ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಗೂಗಲ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿರುತ್ತದೆ. ಬೆಲೆಪಟ್ಟಿಯನ್ನು ಫೋಟೋ ಆಗಿ ಹಾಕಿದ ಪುಟದ ಪಾಡೂ ಹೆಚ್ಚುಕಡಿಮೆ ಅದೇ. ಅಂಥ ಬರಹವನ್ನು ಯೂನಿಕೋಡ್‌ಗೆ ಬದಲಿಸುವುದು ಅರ್ಧ ದಿನದ ಕೆಲಸ. ಕನ್ನಡ ಓದಲು ಬಾರದ ತಜ್ಞರಿಗೆ ಆ ದೋಷ ಕಾಣುವುದೇ ಇಲ್ಲ.

ಬೀಗದ ಕೈ ಯಾರ ಬಳಿ

ನಮ್ಮ ಬಂಧುಗಳೊಬ್ಬರ ಮಸಾಲೆಪುಡಿ ವ್ಯಾಪಾರದಲ್ಲಿ ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ಅವರ ಏಜೆನ್ಸಿ ತನ್ನದೇ ಇಮೇಲ್ ವಿಳಾಸದಲ್ಲಿ ನೋಂದಾಯಿಸಿತ್ತು. ಎರಡು ವರ್ಷಗಳ ನಂತರ ಬೇರೆಯವರ ಬಳಿ ಹೋಗುತ್ತೇವೆಂದಾಗ ಹೆಸರು ಬಿಟ್ಟುಕೊಡಲು ನಾಲ್ಕು ತಿಂಗಳು ಅಲೆದಾಡಿಸಿತು. ಅಷ್ಟರಲ್ಲಿ ನವೀಕರಣದ ದಿನ ತಪ್ಪಿ ಹನ್ನೊಂದು ದಿನ ವೆಬ್‌ಸೈಟೇ ಇರಲಿಲ್ಲ. ಹಾಗಾಗಿ ಯಾವ ಆಯ್ಕೆಯನ್ನೇ ಮಾಡಿ, ಡೊಮೇನ್, ಹೋಸ್ಟಿಂಗ್ (ವೆಬ್‌ಸೈಟ್ ಇಟ್ಟಿರುವ ಜಾಗ), ಬ್ಯುಸಿನೆಸ್ ಪ್ರೊಫೈಲ್, ಸರ್ಚ್ ಕನ್ಸೋಲ್, ಅನಲಿಟಿಕ್ಸ್ (ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಸಾಧನ) ಐದೂ ನಿಮ್ಮ ಇಮೇಲ್ ಮತ್ತು ನಿಮ್ಮ ಫೋನ್ ನಂಬರಿನಲ್ಲಿಯೇ ಇರಬೇಕು. ಪ್ರೊಫೈಲಿನಲ್ಲಿ ಮಾಲೀಕರು ನೀವು, ತಜ್ಞರು ಮ್ಯಾನೇಜರ್ ಮಾತ್ರ. ಈ ವ್ಯವಸ್ಥೆ ಅದರಲ್ಲಿಯೇ ಇದೆ.

ಒಪ್ಪಂದದಲ್ಲಿ ಒಂದು ವರ್ಷದ ಬದಲು ಮೂರು ತಿಂಗಳಿಗೆ ಒಪ್ಪಿ, ಆಮೇಲೆ ಒಂದು ತಿಂಗಳ ಮುನ್ಸೂಚನೆಯ ಮೇಲೆ ಮುಂದುವರಿಸುವುದು ಇಬ್ಬರಿಗೂ ನ್ಯಾಯ. ಮೂರು ತಿಂಗಳಲ್ಲಿ ರ‍್ಯಾಂಕಿಂಗ್ ಬಾರದಿರಬಹುದು, ಆದರೆ ಕೆಲಸ ನಡೆದಿದೆಯೇ ಎಂಬುದು ಖಂಡಿತ ಗೊತ್ತಾಗುತ್ತದೆ. ಬರೆಸಿದ ಪುಟಗಳ ಹಕ್ಕು ನಿಮ್ಮದೆಂದು, ಬದಲಿಸಿದ ಪುಟಗಳ ಮತ್ತು ಹಾಕಿಸಿದ ಪ್ರತಿ ಲಿಂಕಿನ ಪಟ್ಟಿಯನ್ನು ತಿಂಗಳಿಗೊಮ್ಮೆ ಕೊಡಬೇಕೆಂದು ಬರೆಸಿಕೊಳ್ಳಿ. ಹಳೆಯ ಗಿರಾಕಿಗಳಿಬ್ಬರ ಫೋನ್ ನಂಬರ್ ಕೇಳಿ, ಕರೆ ಮಾಡಿ, ಕೆಲಸ ಹೇಗಿತ್ತು ಎನ್ನುವುದಕ್ಕಿಂತ ಬಿಟ್ಟು ಬಂದಾಗ ಹೇಗೆ ನಡೆದುಕೊಂಡರು ಎಂದು ವಿಚಾರಿಸಿ.

ಮಾವನ ಲೆಕ್ಕ

ಕೊನೆಗೆ ಮಾವನ ಮೂರು ಕಾಗದಗಳಿಗೆ ಮರಳುತ್ತೇನೆ. ಏಜೆನ್ಸಿಯ ವರ್ಷದ ಶುಲ್ಕ 1,80,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 32,400, ಒಟ್ಟು 2,12,400. ಮಾವ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲವಾದ್ದರಿಂದ ಆ ತೆರಿಗೆ ಮರಳಿ ಬರುವಂಥದಲ್ಲ. ಊಟ, ಲಾಂಡ್ರಿ, ಕೆಲಸದವರ ಕೂಲಿ ಕಳೆದು ಒಂದು ಕೋಣೆಯ ಒಂದು ರಾತ್ರಿಗೆ ಅವರ ಕೈಯಲ್ಲಿ ಉಳಿಯುವುದು ಸುಮಾರು 1,500. ಅಂದರೆ ಖರ್ಚು ಮರಳಲು ವರ್ಷಕ್ಕೆ 142 ಹೊಸ ಕೋಣೆ-ರಾತ್ರಿಗಳು ಬೇಕು. ಶನಿವಾರ ಭಾನುವಾರಗಳು ಹೇಗೂ ತುಂಬಿರುವುದರಿಂದ ಆ 142 ವಾರದ ನಡುವಿನ ದಿನಗಳಲ್ಲಿಯೇ ಬರಬೇಕು, ಮತ್ತು ಮಲೆನಾಡಿನಲ್ಲಿ ಜುಲೈ ತಿಂಗಳ ಮಂಗಳವಾರಕ್ಕೆ ಗಿರಾಕಿ ತರುವುದು ಮೊದಲ ಸ್ಥಾನದಿಂದಲೂ ಆಗದ ಕೆಲಸ. ಫ್ರೀಲಾನ್ಸರಿನ ವರ್ಷದ 72,000ಕ್ಕೆ 48 ರಾತ್ರಿ ಸಾಕು. ಆದರೆ ಅವರ ಪಟ್ಟಿಯಲ್ಲಿದ್ದ ಕೆಲಸಗಳನ್ನು ನಾಲ್ಕು ಭಾಗವಾಗಿ ಬಿಡಿಸಿದಾಗ ಎರಡು ತಿಂಗಳಲ್ಲಿ ಮುಗಿಯುವಂಥವೇ ಹೆಚ್ಚಿದ್ದವು.

ಮಾವ ಆ ಫ್ರೀಲಾನ್ಸರನ್ನೇ ಕರೆದು ಅದನ್ನೇ ಹೇಳಿದರು. ಅವರು ನಕ್ಕು, ನಿಜ, ಎರಡು ತಿಂಗಳು ಸಾಕು ಎಂದು ಒಪ್ಪಿಕೊಂಡರು. 12,000ಕ್ಕೆ ಪುಟಗಳನ್ನು ಸರಿಪಡಿಸಿ, ಪ್ರೊಫೈಲ್ ನಡೆಸುವ ರೀತಿಯನ್ನು ಅತ್ತೆಗೆ ಕಲಿಸಿಕೊಟ್ಟು, ಆರು ತಿಂಗಳಿಗೊಮ್ಮೆ ಒಂದು ದಿನದ ಶುಲ್ಕಕ್ಕೆ ಬಂದು ಸರ್ಚ್ ಕನ್ಸೋಲ್ ನೋಡಿ ಹೋಗುವ ಏರ್ಪಾಡಾಗಿದೆ. ನೇರ ಬುಕಿಂಗ್ ಕರೆಗಳನ್ನು ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾರೆ; ಎಲ್ಲಿ ನೋಡಿ ಫೋನ್ ಮಾಡಿದಿರಿ ಎಂದು ಪ್ರತಿಯೊಬ್ಬರನ್ನೂ ಕೇಳಿ, ಮ್ಯಾಪಿನಿಂದ ಬಂದವರಿಗೆ ಒಂದು ಬಣ್ಣ, ಬುಕಿಂಗ್ ಆ್ಯಪಿನಲ್ಲಿ ಕಂಡು ಕಮಿಷನ್ ತಪ್ಪಿಸಿ ನೇರವಾಗಿ ಕರೆದವರಿಗೆ ಇನ್ನೊಂದು ಬಣ್ಣ.